ಧನ ದನವಾದ ಮೇಲೆ

ಅರ್ಜಿಯಲ್ಲಿ ‘ಪರಿಹಾರ ಧನ’ ಎಂದಿರಬೇಕಾದಲ್ಲೆಲ್ಲ ‘ಪರಿಹಾರ ದನ’ ಎಂದು ಅಚ್ಚಾಗಿತ್ತು. ಒಂದು ಕಡೆಯಲ್ಲ, ಪುಟಪುಟದಲ್ಲೂ.

“ಲತಾಬಾಯಿ, ನನ್ನ ಕಕ್ಷಿಗಾರ ಬಿಣಗಾದ ಕಾಲೊನಿಯವ. ದನ ಕಟ್ಟೂಕೆ ಅವನ ಮನೇಲಿ ಜಾಗ ಇಲ್ಲ,” ಎಂದರು ರಾಮನಾಥ ವಕೀಲರು. ಅವರ ಗುಮಾಸ್ತ ನಕ್ಕ. ಲತಾ ನಗಲಿಲ್ಲ, ನಾಚಲೂ ಇಲ್ಲ. ಹಾಳೆ ಇಸಿದುಕೊಂಡು “ತಿದ್ದಿ ಕೊಡ್ತೆ” ಎಂದಳು.

“ಇದನ್ನ ತಿದ್ದು. ಆದ್ರೆ ಸೋಮವಾರದ ಕಟ್ಟು ದಪ್ಪ ಅದೆ. ಅದರಲ್ಲೂ ಹೀಗೇ ಆದ್ರೆ ನಾ ಬೇರೆಯವ್ರನ್ನ ನೋಡ್ಕಬೇಕಾತ್ತದೆ. ಬೇಜಾರ ಮಾಡ್ಕಬೇಡ.”

ಕಾರವಾರದ ಕೋರ್ಟಿನ ಹಿಂದಿನ ಓಣಿಯಲ್ಲಿ ಲತಾಳ ಡಿಟಿಪಿ ಅಂಗಡಿ ನಡೆಯುತ್ತಿದ್ದುದೇ ಆ ವಕೀಲರ ಕೆಲಸದಿಂದ. ಅಮದಳ್ಳಿಯ ಹರಿಕಂತ್ರ ಮನೆಯ ಹುಡುಗಿ ಮೀನಿನ ಬುಟ್ಟಿ ಬಿಟ್ಟು ಕೀಲಿಮಣೆ ಹಿಡಿದಿದ್ದಳು. ಅಂದಿನಿಂದ ಇಂದಿನವರೆಗೆ ಎಡಗಡೆ ಮೇಜಿನ ಮೇಲೆ ಕೈಬರಹದ ಕಾಗದ, ಎದುರಿಗೆ ಪರದೆ. ಕುತ್ತಿಗೆ ಎಡಕ್ಕೆ ಬಾಗಿಯೇ ವರ್ಷಗಳು ಕಳೆದವು. ೨೦೦೭ರ ಮಳೆಗಾಲ ಹಿಡಿಯುವ ಹೊತ್ತಿಗೆ ಬಲಗೈಯ ಕಿರುಬೆರಳಿಗೆ ಜೋಮು ಹಿಡಿದು, ಹಿಡಿದದ್ದು ಬಿಡಲಿಲ್ಲ.

ಕನ್ನಡದ ಕೀಲಿಮಣೆಯಲ್ಲಿ ‘ದ’ಕ್ಕೂ ‘ಧ’ಕ್ಕೂ ಕೀಲಿ ಒಂದೇ. ಹೊಟ್ಟೆ ಸೀಳಿದ ‘ಧ’ ಬೇಕೆಂದರೆ ಜೊತೆಗೆ ಶಿಫ್ಟ್ ಒತ್ತಬೇಕು. ಲತಾಳಿಗೆ ಅದನ್ನು ಒತ್ತುತ್ತಿದ್ದದ್ದು ಆ ಕಿರುಬೆರಳು. ಈಗ ಒತ್ತಿದೆಯೋ ಇಲ್ಲವೋ ಬೆರಳು ಹೇಳುತ್ತಿರಲಿಲ್ಲ. ಕಣ್ಣು ಕಾಗದದ ಮೇಲಿದ್ದುದರಿಂದ ಕಣ್ಣೂ ಹೇಳುತ್ತಿರಲಿಲ್ಲ.

“ಕುತ್ತಿಗೆಯ ನರ ಒತ್ತಿದೆ. ತಲೆ ಬಗ್ಗಿಸೋದು ನಿಲ್ಲಿಸಿ, ಇಲ್ಲ ಕೆಲಸ ನಿಲ್ಲಿಸಿ,” ಎಂದಿದ್ದರು ಡಾಕ್ಟರು. ಬೆರಳಿನ ಸ್ಪರ್ಶ ಮರಳೀತೇ ಎಂದರೆ, “ನೋಡುವ.”

ಅಮದಳ್ಳಿಯಲ್ಲಿ ಒಣಮೀನು ಮಾರುವ ತಾಯಿ ಕಾಶಿಯದು ಒಂದೇ ಮಾತು: “ಬಂದು ನನ್ನ ಬದಿಗೆ ಕೂತ್ಕ. ಒಣಮೀನಿಗೆ ಕಾಗುಣಿತ ಇಲ್ಲ.”

ಲತಾಳಿಗೆ ಅದು ಸರಿಯೆಂದೂ ಅನ್ನಿಸಲಿಲ್ಲ, ಬೇಡವೆಂದೂ ಅನ್ನಿಸಲಿಲ್ಲ. ಜೋಮು ಬೆರಳಿನಿಂದ ಮೇಲಕ್ಕೆ ಹತ್ತಿರಬೇಕು ಎಂದುಕೊಂಡಳು. ಮಾಡಬೇಕಾದ್ದರಿಂದ ಮಾಡಿದಳು ಎಂಬಂತೆ ಅಂಕೋಲೆಯ ನಿತೇಶನಿಗೆ ಫೋನ್ ಮಾಡಿದಳು. ಅವಳ ಕಂಪ್ಯೂಟರ್ ಜೋಡಿಸಿಕೊಟ್ಟವನು ಅವನೇ.

“ಲತಕ್ಕ, ಹಾಳೆ ಸ್ಕ್ಯಾನ್ ಮಾಡಿ ಒಂದು ಮಾನಿಟರಿಗೆ ಹಾಕು, ಇನ್ನೊಂದರಲ್ಲಿ ಟೈಪ್ ಮಾಡು. ತಲೆ ಬಗ್ಗಿಸೂದೇ ಬೇಡ. ಬಾಗಿಲು ಹಾಕಿದ ಸೈಬರ್ ಕೆಫೆಯ ಮಾನಿಟರ್ ಒಂದು ನನ್ನ ಹತ್ರ ಅದೆ. ಎರಡು ಮಾನಿಟರ್ ಸಿಕ್ಕಿಸೂಕೆ ಎರಡು ಬಾಯಿರೋ ಗ್ರಾಫಿಕ್ಸ್ ಕಾರ್ಡ್ ಒಂದು ಬೇಕು, ಅಷ್ಟೇ.”

“ಎಂಥಾ ಕಾರ್ಡ್? ಕಡಿಮೇದು ಹೇಳು.”

“ಅಕ್ಷರ ತೋರಿಸೂಕೆ ದೊಡ್ಡ ಮೆಮೊರಿ ಬೇಡ. ಅದು ಆಟ ಆಡೋ ಹುಡುಗರಿಗೆ. ಫ್ಯಾನ್ ಇರೋದಂತೂ ಬೇಡವೇ ಬೇಡ, ನಮ್ಮ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ಕಚ್ಚಿಕೊಳ್ತದೆ. ಆದ್ರೆ ಕಾರ್ಡ್ ಕೂರೋ ಸ್ಲಾಟ್ ನಮೂನೆ ಮೂರದೆ. ನಿಂದು ಯಾವುದು ಅಂತ ನನಗೆ ನೆನಪಿಲ್ಲ. ಪೆಟ್ಟಿಗೆ ಬಿಚ್ಚಿ ನೋಡಿ ಹೇಳು.”

ಬಗ್ಗಿ ನೋಡಲು ಕುತ್ತಿಗೆ ಬಿಡಲಿಲ್ಲ. ತಮ್ಮ ದತ್ತಾನನ್ನು ಕರೆಸಿದಳು. ಮಳೆಗಾಲವೆಂದು ಮೀನುಗಾರಿಕೆ ಬಂದ್ ಆಗಿ ದೋಣಿ ದಡಕ್ಕೆ ಹತ್ತಿತ್ತು. ಅವನು ಬಲೆ ಸರಿಮಾಡುತ್ತ ಕೂತಿದ್ದವನು ಹಾಗೇ ಬಂದ. ಬಲೆಯ ಕಣ್ಣಿನ ಅಳತೆಗೆ ಇಟ್ಟುಕೊಳ್ಳುವಂಥ ಬಿದಿರಿನ ಪಟ್ಟಿಯೊಂದನ್ನು ಸ್ಲಾಟಿಗೆ ಹಿಡಿದು, ಕೊಯ್ದು, “ಇದನ್ನೇ ಒಯ್ದು ತೋರಿಸ್ತೆ. ಬಾಯಿಮಾತಿನ ಅಳತೆ ನಂಬೂಕಾಗ” ಎಂದು ಅಂಕೋಲೆಗೆ ಹೋದ.

ಸಂಜೆ ಮಾನಿಟರೂ ಕಾರ್ಡೂ ಬಂದವು. ಕಾರ್ಡು ಸ್ಲಾಟಿನೊಳಗೆ ಇಳಿಯಲಿಲ್ಲ. ದತ್ತಾ ಹೆಬ್ಬೆರಳಿಟ್ಟು ಒತ್ತಿದ.

“ದೋಣಿ ದೂಡ್ತಿದ್ಯಾ? ಬಿಡು ಮಾರಾಯ, ಮುರೀತದೆ,” ಎಂದಳು ಲತಾ.

“ಪಟ್ಟಿಗೆ ಸರಿ ಕೂತಿತ್ತು ಅಕ್ಕ! ನಿತೇಶ ಎರಡು ಕಾರ್ಡ್ ತೋರಿಸಿದ. ಒಂದು ಗಿಡ್ಡ ಬಂತು, ಇದು ಬರಾಬರ್ ಬಂತು.”

ಲತಾ ಪಟ್ಟಿಯನ್ನು ಸ್ಲಾಟಿಗೆ ಹಿಡಿಸಿದಳು. ಪಟ್ಟಿಯೇ ಒಂಚೂರು ಉದ್ದವಿತ್ತು.

“ಹೆಚ್ಚು ಬಿಟ್ಟು ಕೊಯ್ದಿದ್ಯಾ?”

ದತ್ತಾ ತಲೆ ಕೆರೆದುಕೊಂಡ. “ಒಂಚೂರು ಬಿಡೂದೇ ಅಲ್ವಾ? ನೀರಿಗೆ ಬಿದ್ರೆ ಕುಗ್ಗತದೆ ಅಂತ ಬಾಬಾ ಹೇಳ್ತಿದ್ದ.”

ಬಾಬಾ, ಅಂದರೆ ಅವರ ತಂದೆ, ನೂಲಿನ ಬಲೆ ಹೆಣೆದವನು. ಅದು ನೀರಿಗೆ ಕುಗ್ಗುತ್ತಿತ್ತು. ನೈಲಾನ್ ಬಂದ ಮೇಲೂ ಮನೆಯ ಕೈಗಳಿಗೆ ಆ ಒಂಚೂರು ಬಿಡುವ ರೂಢಿ ತಪ್ಪಿರಲಿಲ್ಲ.

“ಕಂಪ್ಯೂಟರನ್ನ ಯಾವ ಸಮುದ್ರಕ್ಕೆ ಹಾಕುವನಿದ್ದೆ?” ಎಂದಳು. ಹಿಂದೆಯಾಗಿದ್ದರೆ ನಗು ಬರುತ್ತಿತ್ತು. ದತ್ತಾ ಅವಳ ಮುಖ ನೋಡಿ ತಾನೂ ನಗದೆ ಪೆಟ್ಟಿಗೆಯ ಮುಚ್ಚಳ ಹಾಕಿದ.

ಮರುದಿನ ಶನಿವಾರ. ಪೆಟ್ಟಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೀನಿನ ಬುಟ್ಟಿಯಲ್ಲಿಟ್ಟು ಇಬ್ಬರೂ ಬಸ್ಸು ಹತ್ತಿದರು. “ಬಂಗಡೆಯಾ? ಹಿಂದೆ ಇಡಿ, ನಾತ ಬತ್ತದೆ,” ಎಂದ ಕಂಡಕ್ಟರ್. “ನಾತ ಬರ್ಲಿಕ್ಕೆ ಇದು ಇನ್ನೂ ಸತ್ತಿಲ್ಲ,” ಎಂದ ದತ್ತಾ.

ನಿತೇಶ ಒಳಗೆ ಇಣುಕಿದ ಕೂಡಲೇ ನಾಲಿಗೆ ಕಚ್ಚಿಕೊಂಡ. “ಬಿಳಿ ಸ್ಲಾಟ್! ಹಳೇ ನಮೂನೆ. ಬಣ್ಣ ಎಂತದು ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು. ಆ ಬಿದಿರು ನೋಡಿ ನಾನೂ ಮರ್ಲಾದೆ.” ಹಿಂದಿನ ದಿನ ಗಿಡ್ಡ ಎಂದು ತೆಗೆದಿಟ್ಟಿದ್ದ ಕಾರ್ಡೇ ಅವಳದಾಗಿತ್ತು. ಬಳಸಿದ್ದು, ಫ್ಯಾನಿಲ್ಲದ್ದು, ಬಾಯಿ ಎರಡು, ಬೆಲೆಯೂ ಕಡಿಮೆ. ಅದರ ಹಿತ್ತಾಳೆ ಬಣ್ಣದ ಅಂಚು ಉಪ್ಪುಗಾಳಿಗೆ ಮಂಕಾಗಿತ್ತು. ನಿತೇಶ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹೊಳಪು ಬರಿಸಿ ಕೂರಿಸಿದ. ‘ಟಕ್’ ಎಂದಿತು. ಅವನ ಅಂಗಡಿಯ ಎರಡು ಪರದೆಗಳಿಗೆ ಜೋಡಿಸಿದಾಗ ಎರಡೂ ಬೆಳಗಿದವು.

“ಈಗಾದ್ರೂ ಖುಷಿಯಾ, ಲತಕ್ಕ?”

“ಸೋಮವಾರ ಹೇಳ್ತೆ.”

ಭಾನುವಾರ ಅಂಗಡಿಯ ಅರ್ಧ ಬಾಗಿಲು ತೆರೆದು ಲತಾ ಕೂತಳು. ಹೊರಗೆ ಮಳೆ. ಎಡಗಡೆಯ ಪರದೆಯಲ್ಲಿ ವಕೀಲರ ಓರೆ ಅಕ್ಷರಗಳು ಅಂಗೈಯಗಲ ದೊಡ್ಡದಾಗಿ ನಿಂತಿದ್ದವು. ತಲೆ ಮಾತ್ರ ರೂಢಿಯಂತೆ ಮೇಜಿನತ್ತ ಬಾಗುತ್ತಿತ್ತು. ಅಲ್ಲಿ ಕಾಗದವಿರಲಿಲ್ಲ, ಸನ್‌ಮೈಕಾದ ಮೇಲೆ ವರ್ಷಗಳಿಂದ ಕಾಗದ ಉಜ್ಜಿ ಬಿಳಿಚಿಕೊಂಡ ಚೌಕವೊಂದಿತ್ತು. ನೋಡುತ್ತಿದ್ದಳು, ತಲೆ ಎತ್ತುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಬಾಗುವುದೇ ಅಪರೂಪವಾಯಿತು.

ಗುಂಡುಪಿನ್ನು ತೆಗೆದು ಕಿರುಬೆರಳಿಗೆ ಚುಚ್ಚಿ ನೋಡಿದಳು. ಏನೂ ಇಲ್ಲ.

ಮತ್ತೆ ಟೈಪಿಗೆ ಕೈಯಿಟ್ಟಳು. ಎಡಗಡೆ ವಕೀಲರ ಕೈಯಲ್ಲಿ ‘ಪರಿಹಾರ ಧನ’ ಬಂತು. ಬಲಗಡೆ ಅವಳ ಕೈಯಲ್ಲಿ ‘ಪರಿಹಾರ ದನ’ ಬಂತು. ಎರಡೂ ಒಂದೇ ಸಾಲಿನಲ್ಲಿ ಪಕ್ಕಪಕ್ಕ ನಿಂತವು. ಬೆರಳು ಎಂದಿನಂತೆ ಸುಮ್ಮನಿತ್ತು. ಕಣ್ಣು ಸುಮ್ಮನಿರಲಿಲ್ಲ. ಲತಾ ಒಂದು ಅಕ್ಷರ ಅಳಿಸಿದಳು, ಎಡಗೈಯ ಕಿರುಬೆರಳಿನಿಂದ ಶಿಫ್ಟ್ ಒತ್ತಿ ಹಿಡಿದು ‘ಧ’ ಬರೆದು, ಮುಂದಿನ ಸಾಲಿಗೆ ಹೋದಳು.