ಗುಂಡಿಯಣ್ಣನ ಮಟ್ಟದ ಹೊಲ

ಇಪ್ಪತ್ತು ವರ್ಷ ನದಿದಂಡೆಯ ಜಲ್ಲಿ ಅಗೆದ ಬುಲ್ಡೋಜರ್ ಡ್ರೈವರನ್ನು ಊರವರು ಕರೆಯುತ್ತಿದ್ದುದೇ ಗುಂಡಿಯಣ್ಣ ಎಂದು. ಗಣಿ ನಿಂತ ಮೇಲೆ ಆ ಗುಂಡಿಗಳನ್ನು ಮುಚ್ಚುವ ಕೆಲಸವೂ ಅವನ ತಲೆಗೇ ಬಂತು. ಮೊದಲು ಅತ್ತಿಗೆಯ ಹೊಲದ ಗುಂಡಿ ತುಂಬಿದ. ಮೇಲ್ಮಣ್ಣು ಹರಡಿ, ಗಣಿಯ ಅಭ್ಯಾಸಬಲದಿಂದ ಅದರ ಮೇಲೆ ಹತ್ತು ಸಲ ಬುಲ್ಡೋಜರ್ ಓಡಿಸಿ ಕನ್ನಡಿಯಂತೆ ಮಟ್ಟ ಮಾಡಿದ.

ಅತ್ತಿಗೆ ಕಬ್ಬಿಣದ ಸರಳು ಹಿಡಿದು ಬಂದಳು. ಅದು ಮೊಣಕಾಲುದ್ದ ಇಳಿದರೆ ಮಾತ್ರ ಬೇರಿಗೆ ದಾರಿ. ದಂಡೆಯ ಉಳಿದ ಹೊಲದವರೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಮೈಭಾರವೆಲ್ಲ ಹಾಕಿ ಒತ್ತಿದರೂ ಸರಳು ಗೇಣುದ್ದಕ್ಕೇ ನಿಂತಿತು. ಇನ್ನೆರಡು ಕಡೆ ಚುಚ್ಚಿದಳು. ಅಲ್ಲೂ ಅಷ್ಟೇ.

ಗುಂಡಿಯಣ್ಣ ಹೊಲದುದ್ದಕ್ಕೂ ಕೈ ತೋರಿಸಿದ. "ಮಟ್ಟ ಚೆನ್ನಾಗಿದೆಯಲ್ಲ, ಅತ್ತಿಗೆ?"

"ರಸ್ತೆ ಚೆನ್ನಾಗಿದೆ ಕಣಪ್ಪ," ಅಂದಳು ಅತ್ತಿಗೆ. "ನನ್ನ ಹೊಲ ಎಲ್ಲಿ?"