ಮಂಡಿ ನೋವಿನ ಸೂಜಿ

ಶಿವಣ್ಣನವರೇ, ಗಿರಿಜ ಸತ್ತದ್ದು ನೀವು ನೀರು ಹೊರಿಸಿದ್ದರಿಂದಲ್ಲ. ಅವಳಿಗೆ ಹೃದಯದ ಕಾಯಿಲೆ ಇತ್ತು. ಅವಳ ಅಕ್ಕನಾದ ನನಗೆ ಅದು ಗೊತ್ತಿತ್ತು. ಕಟ್ಟಿಕೊಂಡ ನಿಮಗೆ ಗೊತ್ತಾಗದ ಹಾಗೆ ನೋಡಿಕೊಂಡವಳೂ ನಾನೇ.

ಶಾಲೆಗೆ ಹೋಗುವ ವಯಸ್ಸಿನಲ್ಲಿ ಅವಳಿಗೆ ಗಂಟಲು ನೋವು ಬಂತು, ಆಮೇಲೆ ಜ್ವರ, ಆಮೇಲೆ ಕೀಲುಗಳ ಬಾವು — ಇವತ್ತು ಮಂಡಿ, ನಾಳೆ ಮೊಣಕೈ. ಸಿಂಗಟಗೆರೆಯಿಂದ ಕಡೂರಿಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಅವಳ ಎದೆಬಡಿತವನ್ನು ಬಹಳ ಹೊತ್ತು ಕೇಳಿಸಿಕೊಂಡರು.

"ಕೀಲು ವಾಸಿಯಾಗುತ್ತಮ್ಮಾ. ಆದ್ರೆ ಹೃದಯದ ವಾಲ್ವಿಗೆ ಪೆಟ್ಟಾಗಿದೆ. ಈ ಜ್ವರ ಮತ್ತೆ ಬಂದ್ರೆ ಇನ್ನೂ ಕೆಡುತ್ತೆ. ತಿಂಗಳು ತಿಂಗಳೂ ಪೆನಿಸಿಲಿನ್ ಸೂಜಿ ಬಿಡಬೇಡಿ."

ಊರಿನವರಿಗೆ ಮಂಡಿ ನೋವಿನ ಸೂಜಿ ಅಂದೆ. ಹೆಣ್ಣುಮಗು — ಹೃದಯದ ಕಾಯಿಲೆಯ ಮಾತು ಹೊರಗೆ ಬೀಳಬಾರದು.

ನೀವು ತರೀಕೆರೆಯಿಂದ ಹೆಣ್ಣು ನೋಡಲು ಬಂದ ದಿನ, ಕಾಲು ತೊಳೆಯಲು ಅವಳೇ ಹಿತ್ತಲಿಂದ ನೀರು ತಂದಳು. ನಿಮ್ಮ ಸೋದರತ್ತೆ ನಕ್ಕರು: "ಏನೇ ಹುಡ್ಗಿ, ಒಂದ್ ಬಿಂದ್ಗೆಗೇ ಹಿಂಗ್ ಏದುಸ್ರು ಬಿಡ್ತೀಯಲ್ಲ! ನಮ್ಮನೇಲಿ ಹಂಡೆ ತುಂಬ್ಬೇಕು ಕಣೇ."

"ನಾಚ್ಕೆ ಕಣ್ರೀ, ಓಡ್ಬಂದ್ಬಿಟ್ಲು," ಅಂದೆ. ಎಲ್ಲರೂ ನಕ್ಕರು. ಗಿರಿಜಳೂ.

ಮದುವೆ ಗೊತ್ತಾದ ಮೇಲೆ ಸೂಜಿ ನಿಲ್ಲಿಸಿದೆ. ಆಸ್ಪತ್ರೆಯ ಸಾಲಿನಲ್ಲಿ ನಿಮ್ಮ ನೆಂಟರ ಕಣ್ಣಿಗೆ ಬಿದ್ದರೆ — ಅದೇ ಭಯ. ನೋವೇ ಇಲ್ಲವಲ್ಲ, ಸಾಕು ಎಂದು ಅವಳಿಗೂ ಹೇಳಿದೆ. ನಂಬಿದಳೋ, ನನಗಾಗಿ ಸುಮ್ಮನಾದಳೋ — ಕೇಳಲಿಲ್ಲ.

ನಿಮ್ಮ ಮನೆಯಲ್ಲಿ ಆ ಜ್ವರ ಮತ್ತೆ ಬಂತು. ಕೀಲು ಬಾತವು, ನೀವು ಎಣ್ಣೆ ತಿಕ್ಕಿದಿರಿ. ಬಸುರಿಯಾದಾಗ, ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂರುತ್ತಿದ್ದಳು. ಆಸ್ಪತ್ರೆಗೆ ನಾನೂ ಬಂದೆ. "ಚಿಕ್ಕಂದಿನಲ್ಲಿ ಜ್ವರ, ಕೀಲು ನೋವು ಬಂದಿತ್ತಾ?" ಎಂದು ಅಲ್ಲಿಯ ಡಾಕ್ಟರು ಕೇಳಿದರು. ನೀವು ಪಕ್ಕದಲ್ಲೇ ನಿಂತಿದ್ದಿರಿ. ಗಿರಿಜ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ.

"ಇಲ್ಲ," ಅಂದಳು.

ಅವಳೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ಆಗ ನಾನು ಬಾಯಿ ಬಿಟ್ಟಿದ್ದರೆ — ಗೊತ್ತಿಲ್ಲ. ಸೂಜಿ ನಿಲ್ಲಿಸದೆ ಇದ್ದಿದ್ದರೆ...

ಮೊನ್ನೆ ಅಜ್ಜಂಪುರದ ಮದುವೆಮನೆಯಲ್ಲಿ ನಿಮ್ಮ ಈಗಿನ ಹೆಂಡತಿಯ ಸೊಂಟದಿಂದ ಬಿಂದಿಗೆ ಇಳಿಸಿಕೊಂಡು ನೀವೇ ಹೊತ್ತಿರಿ. "ಲೇ ಶಿವಣ್ಣಾ, ಹೆಂಡ್ತಿ ಸೇವೆ ಜೋರಾಗೈತಲ್ಲೋ!" ಎಂದು ಯಾರೋ ಕೆಣಕಿದರು. ನೀವು ನಗಲಿಲ್ಲ.

"ಒಬ್ಳಿಗೆ ನೀರು ಹೊರ್ಸಿ ಕಳ್ಕೊಂಡೆ. ಸಾಕು ಕಣೋ," ಅಂದಿರಿ.

ನಾನು ಅಲ್ಲೇ ಇದ್ದೆ. ಕೇಳಿಸಿಕೊಂಡೆ. ಊಟ ಮುಗಿಸಿ ಕಡೂರಿನ ಬಸ್ಸು ಹತ್ತಿದೆ.