ಗಾಳಿಗೆ ಉದುರಿದ ಕಾಯಿ

ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ರಸ್ತೆಯ ಪಕ್ಕದ ಮಾವಿನ ತೋಪಿನಲ್ಲಿ, ಕಾವಲು ಗುಡಿಸಲಿನ ಬಾಗಿಲಲ್ಲಿ ನಾನು ನಿಂತಿದ್ದೆ. ಐದನೇ ಕ್ಲಾಸು ಮುಗಿದ ಬೇಸಿಗೆ, ಮಧ್ಯಾಹ್ನ ಇಳಿಯುವ ಹೊತ್ತು. ಅದಾಗಿ ಎಷ್ಟೋ ವರ್ಷಗಳ ಮೇಲೆ, ಮೊನ್ನೆ ಸಂತೆಯಲ್ಲಿ ಮಾವಿನಕಾಯಿಯ ತೊಟ್ಟಿನಿಂದ ಜಿನುಗಿದ ಸೊನೆ ಬೆರಳಿಗೆ ಹತ್ತಿತು. ಆ ವಾಸನೆಗೆ ಎಲ್ಲವೂ ಮೊದಲಿನಿಂದ ನೆನಪಾಯಿತು...

ತೋಪು ಕಾಯುತ್ತಿದ್ದ ಮುದುಕಿಯನ್ನು ಮಕ್ಕಳೆಲ್ಲ ಅವ್ವ ಎನ್ನುತ್ತಿದ್ದೆವು. ನಮ್ಮ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ಅಜ್ಜಿಯನ್ನು ಹಾಗೇ ಕರೆಯುತ್ತಾರೆ. ರಜೆ ಬಂತೆಂದರೆ ಬೀದಿಯ ಮಕ್ಕಳೆಲ್ಲ ಅವಳ ಬಳಿ ಸೇರುತ್ತಿದ್ದೆವು. ಹಳೆಯ ಎಣ್ಣೆ ಡಬ್ಬಗಳನ್ನು ಕೋಲಿನಿಂದ ಬಡಿದು ಗಿಣಿಗಳನ್ನು ಓಡಿಸುವುದು ನಮ್ಮ ಕೆಲಸ. ಉಪ್ಪು ಖಾರ ಹಚ್ಚಿದ ಕಾಯಿ ಕೂಲಿ.

ನಮ್ಮ ಬೀದಿಯಲ್ಲಿ ಒಬ್ಬ ಹುಡುಗಿಗೆ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಅವಳಮ್ಮ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ಗೂಡು ಬೇಯಿಸುವ ಬಿಸಿನೀರು, ಮಗುವನ್ನು ಕರೆದೊಯ್ಯುವಂತಿರಲಿಲ್ಲ. ರಜೆಯಲ್ಲಿ ಮಗಳನ್ನು ಎಲ್ಲಿ ಬಿಡುವುದೆಂದು ಮನೆಮನೆ ಕೇಳಿದಳು. ಕಸೂತಿ ಕಲಿಸುವ ಮನೆಯವರು, ಸೂಜಿ ಚುಚ್ಚಿಕೊಂಡರೆ ಯಾರು ಹೊಣೆ ಎಂದರು. ಭಜನೆ ಕಲಿಸುವ ಮನೆಯವರು ನಕ್ಕರು. ಕೊನೆಗೆ ತೋಪಿಗೆ ಬಂದಳು.

"ಡಬ್ಬ ಹೊಡೆಯೋಕೆ ಕಿವಿ ಯಾಕಮ್ಮ ಬೇಕು? ಕೈ ಇದೆಯಲ್ಲ. ಬಿಟ್ಟೋಗು," ಎಂದಳು ಅವ್ವ.

ಸದ್ದಿಗೆ ನಾವು ಕಿವಿ ಮುಚ್ಚಿಕೊಳ್ಳುತ್ತಿದ್ದೆವು, ಬೇಗ ಸುಸ್ತಾಗುತ್ತಿದ್ದೆವು. ಅವಳು ಮಾತ್ರ ದಣಿಯುತ್ತಿರಲಿಲ್ಲ. ಬಡಿದು, ತಲೆಯೆತ್ತಿ, ಗಿಣಿಗಳ ಹಿಂಡು ಒಮ್ಮೆಗೇ ಏಳುವುದನ್ನು ನೋಡಿ ಕುಣಿಯುತ್ತಿದ್ದಳು.

"ನಿಮ್ಮೆಲ್ರಿಗಿಂತ ಇವಳೇ ವಾಸಿ ಕಣ್ರೋ. ನೀವೂ ನನ್ನ ಮಾತು ಕೇಳಲ್ಲ, ಇವಳೂ ಕೇಳಲ್ಲ. ಆದ್ರೆ ಇವಳು ಎದುರು ಮಾತಾಡಲ್ಲ!"

ಆ ದಿನ ಮೋಡ ಕಪ್ಪಿಟ್ಟಿತು. ಉಳಿದ ಮಕ್ಕಳು ಮನೆಗೆ ಓಡಿದರು. ಗುಡಿಸಲಿನಲ್ಲಿ ಉಳಿದವರು ಅವ್ವ, ಆ ಹುಡುಗಿ, ನಾನು. ಗಾಳಿ ಬೀಸಿ ಕಾಯಿ ದಪದಪ ಉದುರತೊಡಗಿದವು. ಬಿದ್ದ ಕಾಯಿ ಮಳೆಗೆ ನೆನೆದು ಹಾಳಾಗುತ್ತವೆಂದು ಅವ್ವ ಚೀಲ ಹಿಡಿದು ಹೊರಗೆ ಹೋದಳು. ದೂರದಲ್ಲಿ ಮಿಂಚಿತು. ಹುಡುಗಿ ನನ್ನ ಪಕ್ಕದಿಂದ ಓಡಿ, ಮರದ ಕೆಳಗಿದ್ದ ಅವ್ವನ ಕೈ ಹಿಡಿದು ಗುಡಿಸಲಿನತ್ತ ಎಳೆದಳು. ಅವ್ವ ನಗುತ್ತಾ ಕೈ ಬಿಡಿಸಿಕೊಂಡಳು.

"ಬಂದೆ ಕಣೇ, ಇನ್ನೆರಡು ಕಾಯಿ. ನೀನು ನಡಿ."

ಮತ್ತೆ ಎಳೆದಳು. ಅವ್ವ ಅವಳ ಬೆನ್ನಿಗೆ ಕೈಯಿಟ್ಟು ನನ್ನ ಕಡೆಗೆ ತಳ್ಳಿದಳು. ಹುಡುಗಿ ಅಳುತ್ತಾ ಗುಡಿಸಲಿಗೆ ಬಂದು ಸೇರಿದಳು. ಬೆಳಕು ಮೊದಲು, ಸದ್ದು ಆಮೇಲೆ ಎನ್ನುತ್ತಾರೆ. ನನಗೆ ಎರಡೂ ಒಟ್ಟಿಗೇ ಬಂದವು... ಅವ್ವ ಮರದ ಬುಡದಲ್ಲಿ ಬಿದ್ದಿದ್ದಳು. ಮತ್ತೆ ಏಳಲಿಲ್ಲ.

ಕಿವುಡಿಯನ್ನು ಒಳಗೆ ಕರೆತರಲು ಹೋಗಿ ಮುದುಕಿ ಸಿಡಿಲಿಗೆ ಸಿಕ್ಕಿದಳು ಎಂದು ಸಂಜೆಯೊಳಗೆ ಊರು ಹೇಳಿತು. ಹಾಗಲ್ಲ ಎಂದೆ. ನಮ್ಮ ತಂದೆಗೆ ಹೇಳಿದೆ, ತೋಪಿನ ಯಜಮಾನರಿಗೂ ಹೇಳಿದೆ. "ಹೆದರ್ಕೊಂಡಿದ್ದಾನೆ ಪಾಪ, ಮಲಗಿಸಿ," ಎಂದರು.

ಹುಡುಗಿಯ ತಾಯಿಯೊಬ್ಬಳೇ ನನ್ನನ್ನು ಕೂರಿಸಿಕೊಂಡು ಪೂರ್ತಿ ಕೇಳಿದಳು. "ಎಳೆದಳಾ? ಎರಡು ಸಲವಾ?" ಎಂದು ಮತ್ತೆ ಮತ್ತೆ ಕೇಳಿದಳು. ಆಮೇಲೆ, "ನೀನು ಹೇಳಿದ್ದು ಸಾಕು ಮಗ. ಊರಿಗೆ ನಾನು ಹೇಳಿದ್ರೆ ನಂಬ್ತಾರಾ?" ಎಂದಳು.

ಮುಂದಿನ ಬೇಸಿಗೆಯಲ್ಲಿ ಅವಳು ಯಾವ ಮನೆಯ ಬಾಗಿಲಿಗೂ ಹೋಗಲಿಲ್ಲ. ಹೊರಗಿನಿಂದ ಚಿಲಕ ಹಾಕಿ ಕೆಲಸಕ್ಕೆ ಹೋಗುತ್ತಿದ್ದಳು. ನಾವು ಆಡುವಾಗ ಕಿಟಕಿಯ ಸರಳಿನ ಹಿಂದೆ ಆ ಹುಡುಗಿಯ ಮುಖ ಕಾಣುತ್ತಿತ್ತು.

ಅವಳ ತಾಯಿ ತೀರಿಕೊಂಡು ವರ್ಷಗಳಾದವು. ಆ ಮಧ್ಯಾಹ್ನವನ್ನು ಕಣ್ಣಾರೆ ಕಂಡು ಈಗಲೂ ಬದುಕಿರುವವರು ಇಬ್ಬರೇ, ನಾನು ಮತ್ತು ಅವಳು. ಮುಳಬಾಗಿಲಿನಲ್ಲಿ ತನ್ನ ತಮ್ಮನ ಮನೆಯಲ್ಲಿದ್ದಾಳೆ, ತಲೆ ನರೆತಿದೆ. ನನ್ನ ಮಾತು ನಂಬದವರು ಅವಳನ್ನೇ ಕೇಳಬಹುದು. ಕೈಯಲ್ಲಿ ಹೇಳುತ್ತಾಳೆ, ಕೂತು ನೋಡುವ ತಾಳ್ಮೆ ಬೇಕು, ಅಷ್ಟೆ. ಇದುವರೆಗೆ ಯಾರೂ ಕೇಳಿಲ್ಲ.